ಅದ್ನ ಬುಟ್ಬುಡು, ಪಾಪ

ಮುನಿಕೃಷ್ಣಪ್ಪನವರಿಂದ ಮೇನಕಾ ಕೇಳಿದ ಕೊನೆಯ ಮಾತು ಇಷ್ಟೇ: "ಅದ್ನ ಬುಟ್ಬುಡು, ಪಾಪ."

ಆಗ ಬೆಳಗಿನ ಹೊತ್ತು. ಮಾರಂಡಹಳ್ಳಿಯ ಅವರ ಮನೆಯ ಮುಂದೆ ಆಂಬುಲೆನ್ಸ್ ಬಂದು ನಿಂತಿತ್ತು. ಧರ್ಮಪುರಿಯಲ್ಲಿದ್ದ ಮೇನಕಾ ಸುದ್ದಿ ತಿಳಿದೊಡನೆ ಫೋನ್ ಮಾಡಿದ್ದಳು. ಎದೆನೋವು ಹೇಗಿದೆ ಎಂದು ಕೇಳಿದಳು. ಉತ್ತರ ಬರಲಿಲ್ಲ. ಬರೀ ಉಸಿರು ಕೇಳುತ್ತಿತ್ತು. ಆ ಉಸಿರನ್ನು ಹೇಗಾದರೂ ಮಾತಿಗೆ ಎಳೆಯಬೇಕೆಂದೋ, ಇನ್ನು ಕೇಳಲು ಆಗುವುದಿಲ್ಲವೇನೋ ಎಂಬ ಹೆದರಿಕೆಗೋ, ಬಾಯಿ ತಡೆಯದೆ, "ಮಾಮ, ಚುಕ್ಕಿ ರೆಡಿ ಐತೆ. ಏನ್ ಮಾಡಾನ?" ಎಂದುಬಿಟ್ಟಳು. ಆ ಕಡೆ ಗದ್ದಲ. ಯಾರೋ ಗಾಡಿಯ ಬಾಗಿಲು ತೆಗೆಯಿರಿ ಎನ್ನುತ್ತಿದ್ದರು, ಇನ್ನೇನೋ ಕೂಗು. ಅದರ ನಡುವೆ ಆ ಮಾತು ಬಂತು. ಬಂದದ್ದೇ ಫೋನ್ ಕಟ್ಟಾಯಿತು. ಸೇಲಂಗೆ ಹೊರಟ ಗಾಡಿ ತೊಪ್ಪೂರು ಘಾಟಿ ಇಳಿಯುವಷ್ಟರಲ್ಲಿ ಅವರ ಉಸಿರು ನಿಂತಿತ್ತು.

ಮೇನಕಾಳ ಅಜ್ಜಿ ದೊಡ್ಡಮುನಿಯಮ್ಮ ಹೇಳುತ್ತಿದ್ದ ಕತೆಗಳಲ್ಲಿ ಸಾಯುವ ರಾಜ ಕೊನೆಗೆ ಒಂದೇ ಒಂದು ಮಾತಾಡುತ್ತಿದ್ದ. ಆ ಮಾತು ಎಂದೂ ಸುಳ್ಳಾಗುತ್ತಿರಲಿಲ್ಲ, ಸುಲಭಕ್ಕೆ ತಿಳಿಯುತ್ತಲೂ ಇರಲಿಲ್ಲ. ಮೂವರು ಮಕ್ಕಳು ಅದನ್ನು ಮೂರು ಬಗೆಯಾಗಿ ಹಿಡಿದುಕೊಂಡು ಮೂರು ದಿಕ್ಕಿಗೆ ಕುದುರೆ ಹತ್ತುತ್ತಿದ್ದರು. ದೊಡ್ಡವರಿಬ್ಬರೂ ದಾರಿ ತಪ್ಪುತ್ತಿದ್ದರು, ಕಿರಿಯ ಮಾತ್ರ ಗುರಿ ಮುಟ್ಟುತ್ತಿದ್ದ. ಆ ಕತೆ ಕೇಳುತ್ತ ನಿದ್ದೆಹೋಗುತ್ತಿದ್ದ ಹುಡುಗಿಗೆ ತಾನು ಎಂದೆಂದಿಗೂ ಆ ಕಿರಿಯವಳೇ ಎಂಬ ನಂಬಿಕೆ ಬೆಳೆದುಬಿಟ್ಟಿತ್ತು. ದೊಡ್ಡವಳಾಗಿ, ಓದಿ, ಕಂಪ್ಯೂಟರಿನ ಮುಂದೆ ಕೂತ ಮೇಲೂ ಅದು ಬಿಟ್ಟುಹೋಗಿರಲಿಲ್ಲ.

ಚುಕ್ಕಿ ಎನ್ನುವುದು ಒಂದು ಆಪರೇಟಿಂಗ್ ಸಿಸ್ಟಮ್. ಕಂಪ್ಯೂಟರಿನ ಒಳಗೆ ಕೂತು ಅದನ್ನು ಎಬ್ಬಿಸಿ, ನಡೆಸಿ, ಮಲಗಿಸುವಂಥದ್ದು. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತರಾದ ಮುನಿಕೃಷ್ಣಪ್ಪ, ಆಫೀಸುಗಳು ಬೇಡವೆಂದು ಎಸೆದ ಹಳೆಯ ಯಂತ್ರಗಳನ್ನು ಹಳ್ಳಿಗಳಿಗೆ ಕೊಡುವುದಕ್ಕೋಸ್ಕರ ಅದನ್ನು ಕಟ್ಟಿದ್ದರು. ಹೊರದೇಶದ ಜನ ಪುಕ್ಕಟೆಯಾಗಿ ಹಂಚುವ ಬಿಡಿಬಿಡಿ ಸಾಫ್ಟ್‌ವೇರ್‌ಗಳನ್ನು ತಂದು, ಪೋಣಿಸಿ, ತಮಿಳು ಕನ್ನಡ ಎರಡೂ ಓದುವಂತೆ, ಕಣ್ಣು ಕಾಣದವರಿಗೆ ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವಂತೆ ಮಾಡಿದ್ದರು. ಧರ್ಮಪುರಿ ಬಸ್‌ಸ್ಟ್ಯಾಂಡ್ ಪಕ್ಕ, ಪಾತ್ರೆ ಅಂಗಡಿಯ ಮಾಳಿಗೆಯ ಮೇಲಿನ ಒಂದು ಕೋಣೆಯಲ್ಲಿ ಮೇನಕಾ, ಅಣ್ಣಾಮಲೈ, ಶಿವಾ ಎಂಬ ಮೂವರು ಅವರ ಜೊತೆ ಕೂತು ವರ್ಷವಿಡೀ ಈ ಕೆಲಸ ಮಾಡುತ್ತಿದ್ದರು.

ಹೊಸ ಚುಕ್ಕಿ ವರ್ಷಕ್ಕೆ ಒಂದೇ ಸಲ ಹೊರಡುತ್ತಿತ್ತು. ಯಾವಾಗ ಎಂಬುದಕ್ಕೆ ಮುನಿಕೃಷ್ಣಪ್ಪನವರದು ಒಂದೇ ಕಟ್ಟುಪಾಡು. ಪರದೆಯ ಮೇಲೆ ಕಣ್ಣಿಗೆ ಕಾಣುವುದೆಲ್ಲ ಡೆಸ್ಕ್‌ಟಾಪ್ ಎಂಬ ಒಂದು ದೊಡ್ಡ ಸಾಫ್ಟ್‌ವೇರಿನ ಕೈಯಲ್ಲಿ ಇರುತ್ತದೆ. ಕೋಣೆಯಲ್ಲಿ ಅದಕ್ಕೆ ಮೇಜು ಎಂದೇ ಹೆಸರು. ಆ ಮೇಜಿನ ದೊಡ್ಡ ಅಪ್‌ಡೇಟ್ ಪ್ರತಿ ವರ್ಷ ಸೆಪ್ಟೆಂಬರ್ ನಡುವಿಗೆ ಹೊರದೇಶದಿಂದ ಬರುತ್ತದೆ. ಅದು ಬಂದು, ಅದರ ತಪ್ಪುಗಳೆಲ್ಲ ಸೋಸಿಹೋಗಿ, ಅಕ್ಟೋಬರ್ ಕೊನೆಯ ಹೊತ್ತಿಗೆ ಚುಕ್ಕಿ. "ಮೇಜು ಬರ್ಲಿ, ಆಮೇಲೆ ಎಲೆ ಆಕಾನ," ಎನ್ನುತ್ತಿದ್ದರು. ಹಳ್ಳಿಗಳಲ್ಲಿ ಇಂಟರ್ನೆಟ್ ಇಲ್ಲದ ಕಡೆಯೇ ಹೆಚ್ಚು. ಪೆನ್‌ಡ್ರೈವ್ ಕಿಸೆಯಲ್ಲಿಟ್ಟುಕೊಂಡು ಬಸ್ ಹತ್ತಿ ಹೋಗಿ ಒಂದೊಂದು ಯಂತ್ರಕ್ಕೂ ಕೈಯಾರೆ ಹಾಕಿ ಬರಬೇಕು. ಮೇಜಿಗೆ ಮುಂಚೆ ಬಿಟ್ಟರೆ ವರ್ಷಪೂರ್ತಿ ಹಳೆಯ ಮೇಜಿನ ಮೇಲೇ ಉಣ್ಣಬೇಕು. ವರ್ಷಕ್ಕೆ ಎರಡು ಸಲ ಕಟ್ಟಿ, ಸೋಸಿ, ಊರೂರು ಓಡಾಡಲು ಜನ ಎಲ್ಲಿ?

ಈ ವರ್ಷ ಮಾತ್ರ ಮೇನಕಾಳ ಎದೆಯಲ್ಲಿ ಒಂದು ಅವಸರ ಕೂತಿತ್ತು. ಅವಸರದ ಹೆಸರು ಪಾಪಾತಿ.

ಪಾಪಾತಿ ಕಂಬೈನಲ್ಲೂರಿನ ಹತ್ತಿರ ಒಂದು ಹಾಲಿನ ಸಂಘದಲ್ಲಿ ಲೆಕ್ಕ ನಮೂದಿಸುವವಳು. ಹುಟ್ಟಿನಿಂದಲೇ ಕಣ್ಣು ಕಾಣದು. ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ಜನರಿಗೆ. ಚುಕ್ಕಿಯ ದನಿ ಪರದೆಯನ್ನು ಓದಿ ಹೇಳಿದಂತೆ ಬೆರಳು ಓಡಿಸುತ್ತಿದ್ದಳು. ಸಂಘ ಈಚೆಗೆ ಲೆಕ್ಕವನ್ನೆಲ್ಲ ಹೊಸ ವೆಬ್‌ಪುಟಕ್ಕೆ ಬದಲಿಸಿತ್ತು. ಅದು ಹೊಸ ಬ್ರೌಸರಿನಲ್ಲಿ ಮಾತ್ರ ತೆರೆಯುತ್ತಿತ್ತು. ಹಳೆ ಚುಕ್ಕಿಯ ಮೇಲೆ ಆ ಬ್ರೌಸರನ್ನು ಕೂರಿಸಹೋದರೆ ಓದುವ ದನಿಯೇ ನಿಲ್ಲುತ್ತಿತ್ತು. ಹಿಂದೊಮ್ಮೆ ಹಾಗೆ ಒಂದು ಪ್ರಯೋಗದ ಪ್ರತಿ ಹಾಕಿಸಿಕೊಂಡು, ಕೆಲಸದ ನಡುವೆ ದನಿ ಸತ್ತು, ಪರದೆ ಉರಿಯುತ್ತಿದೆಯೋ ಆರಿದೆಯೋ ಗೊತ್ತಾಗದೆ ಮಧ್ಯಾಹ್ನವೆಲ್ಲ ಮೂಕಯಂತ್ರದ ಮುಂದೆ ಕೂತಿದ್ದಳು. ಅಂದಿನಿಂದ ಮ್ಯಾನೇಜರದು ಒಂದೇ ಮಾತು: ಸಹಿ ಬಿದ್ದು ಬಿಡುಗಡೆಯಾದದ್ದು ಬಂದರೆ ಸರಿ, ಅದೂ ಆಗಸ್ಟ್ ಮುಗಿಯುವುದರೊಳಗೆ. ಇಲ್ಲದಿದ್ದರೆ ಆ ಕುರ್ಚಿಗೆ ಬೇರೆಯವರು.

ಮೇನಕಾ ನೋಡಲು ಹೋಗಿದ್ದ ದಿನ ಪಾಪಾತಿ ನಗುತ್ತಲೇ ಹೇಳಿದ್ದಳು. "ನನ್ ಪಕ್ಕದಾಗೆ ಒಬ್ಳು ಹುಡುಗೀನ ಕುಂಡ್ರಿಸವ್ರೆ ಕಣೆ, ಕಲ್ತುಕೊಳ್ಳಲಿ ಅಂತ. ಸ್ಟೂಲ್ ಮ್ಯಾಲೆ. ಆ ಸ್ಟೂಲು ಎಳೆಯೋ ಸದ್ದು ಕೇಳ್ತೈತೆ ನಂಗೆ. ದಿನಾ ಒಂಚೂರು ಅತ್ರ ಬರ್ತೈತೆ."

"ಅಕ್ಟೋಬರ್‌ಗೆ ಬಂದ್ಬುಡ್ತೈತೆ ಅಕ್ಕಾ."

"ಅಷ್ಟೊತ್ಗೆ ಸ್ಟೂಲು ನನ್ ಮಡ್ಲಾಗೆ ಇರ್ತೈತೆ." ಪಾಪಾತಿ ನಗು ನಿಲ್ಲಿಸಿ, ಕೀಬೋರ್ಡಿನ ಅಂಚನ್ನು ಬೆರಳಿನಿಂದ ಸವರಿದಳು. "ಮನೇಲಿ ಕುಂತ್ರೆ ನಾನು ಯಾರ್ ಏಳು? ಕುರುಡಿ ಪಾಪಾತಿ. ಇಲ್ಲಿ ಬಂದ್ರೆ ಆಲಿನ ಪಾಪಾತಿ. ಎಲ್ಡು ಒಂದೇ ಅಲ್ಲ ಕಣೆ."

ಆ ಮಾತು ಹೊತ್ತುಕೊಂಡೇ ಮೇನಕಾ ರಾತ್ರಿ ಹಗಲು ಹೊಸ ಚುಕ್ಕಿಯನ್ನು ಮುಗಿಸಿದ್ದು. ಹೊಸ ಬ್ರೌಸರ್, ಹೊಸ ದನಿ, ಹಳೆಯ ಮೇಜು. ಎಲ್ಲ ಗಟ್ಟಿಯಾಗಿ ನಿಂತಿತ್ತು. ಸಹಿ ಹಾಕುವ ಕೀಲಿಯನ್ನು ಮುನಿಕೃಷ್ಣಪ್ಪ ಹೋದ ವರ್ಷವೇ ಅವಳ ಕೈಗೆ ಕೊಟ್ಟಿದ್ದರು. ಆ ಕೀಲಿ ಎಂದರೆ ಒಂದು ಉದ್ದದ ಗುಪ್ತ ಸಂಖ್ಯೆ, ಅದರ ಸಹಿ ಬಿದ್ದರಷ್ಟೇ ಊರೂರಿನ ಯಂತ್ರಗಳು ಇದು ಚುಕ್ಕಿಯೇ ಎಂದು ನಂಬುತ್ತಿದ್ದವು. ಕೀಲಿ ಇವಳ ಹತ್ತಿರ ಇದ್ದರೂ ಅಪ್ಪಣೆ ಅವರದು. ಆ ಅಪ್ಪಣೆಯನ್ನೇ ಅವಳು ಆ ಬೆಳಿಗ್ಗೆ ಕೇಳಿದ್ದು. ಅಪ್ಪಣೆ ಸಿಕ್ಕಿತು ಎಂದೇ ಅವಳು ತಿಳಿದದ್ದು.

*

ತಿಥಿ ಕಳೆದ ಮಾರನೆಯ ದಿನ ಮೂವರೂ ಕೋಣೆಯಲ್ಲಿ ಸೇರಿದರು. ಕೆಳಗಿನ ಅಂಗಡಿಯಲ್ಲಿ ಯಾರೋ ಹಂಡೆ ತಟ್ಟಿ ನೋಡುತ್ತಿದ್ದರು. ಮುನಿಕೃಷ್ಣಪ್ಪನವರ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಮೇನಕಾ ಮಾತು ಹೇಳಿದಳು. ಶಿವಾ ಅತ್ತ. ಅವನು ಸಣ್ಣವನು, ಸೇಲಂ ಕಡೆಯವನು, ಅಳುವುದಕ್ಕೆ ನಾಚಿಕೆ ಪಡುತ್ತಿರಲಿಲ್ಲ.

ಅಣ್ಣಾಮಲೈ ಅಳಲಿಲ್ಲ. "ಇನ್ನೊಂದ್ ಸರ್ತಿ ಏಳು. ಅವ್ರು ಏನಂದ್ರೋ ಅಂಗೇ."

"'ಅದ್ನ ಬುಟ್ಬುಡು, ಪಾಪ' ಅಂದ್ರು."

"ಅಂಗಂದ್ರೆ ಬ್ಯಾಡ ಅಂತಲ್ವಾ?"

ಮೇನಕಾ ಅವನ ಮುಖ ನೋಡಿದಳು. ತಮಾಷೆಯಲ್ಲ.

"ಅಲ್ಲಾ, ನಾನ್ ಯಾರ್ ಜೊತೆನಾರ ಜಗಳಕ್ಕೆ ನಿಂತ್ರೆ ನಮ್ಮಮ್ಮ 'ವಿಟ್ಟುಡುಡಾ' ಅಂತಾಳೆ. ಓಗಿ ಬಾರ್ಸು ಅಂತಾನಾ? ಸುಮ್ಕಿರು, ಕೈ ಬುಡು ಅಂತ. ಮಾಮ ಅದ್ನೇ ಏಳವ್ರೆ. ಆ ಚಿಂತೆ ಈಗ ಬುಡು, ಮೇಜು ಬರ್ಲಿ ಅಂತ."

"ನಮ್ಮಪ್ಪ ತೂಬಿನ ಅತ್ರ ನಿಂತ್ಕಂಡು 'ಬುಡ್ಲಾ' ಅಂತಾನೆ," ಎಂದ ಶಿವಾ, ಮೂಗು ಒರೆಸಿಕೊಂಡು. "ನೀರು ಬುಡು ಅಂತ."

"ನಿಮ್ಮಪ್ಪ ಆಂಬುಲೆನ್ಸ್ ಅತ್ತಾಕೆ ಓಗ್ತಿರ್ನಿಲ್ವಲ್ಲ ಕಣ್ಲಾ!"

"ಚುಕ್ಕೀನ ನಾವು ಯಾವಾಗ್ಲೂ ಬುಡೋದು ಅಂತ್ಲೇ ಅಲ್ವಾ ಅನ್ನೋದು?" ಮೇನಕಾಳ ದನಿ ಏರಿತು. "'ಈ ವರ್ಷ ಯಾವತ್ತು ಬುಡಾನ' ಅಂತ ಮಾಮ್ನೇ ಕೇಳ್ತಿರ್ನಿಲ್ವಾ? ನಾನು ಚುಕ್ಕಿ ಏನ್ ಮಾಡಾನ ಅಂದೆ, ಅವ್ರು ಬುಟ್ಬುಡು ಅಂದ್ರು. ಪಾಪ ಅಂತ ನನ್ನೇ ಕರ್ದು ಏಳಿದ್ರು. ಇನ್ನೆಂಗೆ ಏಳ್ಬೇಕಿತ್ತು?"

ಪಾಪ ಎಂದು ಅವಳನ್ನು ಕರೆಯುತ್ತಿದ್ದವರು ಅವರೊಬ್ಬರೇ. ಲಂಗ ತೊಟ್ಟು ಅವರ ಮನೆಗೆ ಹೋಗುತ್ತಿದ್ದ ಕಾಲದಿಂದ ಹಾಗೇ ಕರೆದು, ಅವಳಿಗೆ ಕೀಲಿ ಕೊಟ್ಟ ದಿನವೂ ಹಾಗೇ ಕರೆದಿದ್ದರು.

ಅಣ್ಣಾಮಲೈ ಬೇಡ ಎನ್ನುತ್ತಿದ್ದುದು ಸುಮ್ಮನೆ ಅಲ್ಲ. ಅವನಿಗೆ ಅವನದೇ ಕಾರಣವಿತ್ತು. ಪೆನ್ನಾಗರಂ ಕಡೆಯ ಬೆಟ್ಟದೂರುಗಳ ಲೈಬ್ರರಿಗಳೆಲ್ಲ ಅವನ ಪಾಲಿನವು. ಅಲ್ಲಿನ ಯಂತ್ರಗಳು ಎಲ್ಲಕ್ಕಿಂತ ಹಳೆಯವು, ಎದ್ದು ಕೂರುವುದಕ್ಕೇ ಏದುಸಿರು ಬಿಡುವಂಥವು. ಈ ಸಲ ಬರುವ ಮೇಜು ಹಗುರ, ಮುದಿ ಯಂತ್ರಗಳಿಗೆಂದೇ ಮಾಡಿದಂತೆ ಇದೆ ಎಂದು ಅವನು ವರ್ಷದಿಂದ ಕಾದಿದ್ದ. ಅಲ್ಲಿನ ಮಕ್ಕಳಿಗೆ, ಲೈಬ್ರರಿ ನೋಡಿಕೊಳ್ಳುವ ಹೆಂಗಸರಿಗೆ ಮಾತು ಕೊಟ್ಟಿದ್ದ.

"ನಾನ್ ಫೋನಿನಾಗೆ ಇರ್ನಿಲ್ಲ," ಎಂದ ಕೊನೆಗೆ. "ಕೇಳ್ದೋಳು ನೀನು. ಅವ್ರು ಬುಡು ಅಂದಿದ್ರೆ ಬುಡು. ಸತ್ತೋರ ಮಾತಿಗೆ ನಾನು ಎದುರಾಡಾಕಿಲ್ಲ." ಪೆನ್‌ಡ್ರೈವ್‌ಗಳ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡ. ತುಂಬ ಭಾರದ್ದನ್ನು ಎತ್ತಿಕೊಂಡವನಂತೆ ಕಾಣುತ್ತಿದ್ದ.

ಶುಕ್ರವಾರ ಎಂದು ನಿಂತಿತು. ಮೇನಕಾ ಪಾಪಾತಿಗೆ ಫೋನ್ ಮಾಡಿ ಮಾಮನ ಮಾತನ್ನೂ ದಿನವನ್ನೂ ಹೇಳಿದಳು. ಹೊಸ ಚುಕ್ಕಿಯ ಮೊದಲ ಪರದೆಯಲ್ಲಿ ಕಾಣುವಂತೆ ಮೇನಕಾ ಒಂದು ಸಾಲು ಬರೆದಳು: 'ಮುನಿಕೃಷ್ಣಪ್ಪ ಮಾಮನವರ ಕೊನೆಯ ಅಪ್ಪಣೆಯಂತೆ.'

*

ಬುಧವಾರ ಅವಳು ಮಾರಂಡಹಳ್ಳಿಗೆ ಹೋದಳು. ಬಿಡುವ ಮೊದಲು ಅವರ ಪಟದ ಮುಂದೆ ನಿಂತು ಬರಬೇಕೆನಿಸಿತ್ತು. ಬಸ್ಸಿಳಿದು, ಟೊಮ್ಯಾಟೊ ಕ್ರೇಟುಗಳನ್ನು ಪೇರಿಸಿದ್ದ ಮಂಡಿಗಳನ್ನು ದಾಟಿ ಮನೆ ಸೇರಿದಾಗ ಮುನಿಕೃಷ್ಣಪ್ಪನವರ ಹೆಂಡತಿ ನಾರಾಯಣಮ್ಮ ಕೊಟ್ಟಿಗೆಯಲ್ಲಿದ್ದರು. ಹಸು ಕರೆದು ಮುಗಿಸಿ, ಕರುವನ್ನು ಕೆಚ್ಚಲಿಗೆ ಬಿಟ್ಟು, ಸುಮ್ಮನೆ ಗೋಡೆಗೊರಗಿ ನೋಡುತ್ತಿದ್ದರು. ಕುಂಕುಮವಿಲ್ಲದ ಹಣೆ ಅಗಲವಾಗಿ ಕಂಡಿತು.

"ಬಾ ಮ್ಮಾ. ಸಾಪಾಡ್ ಆಯ್ತಾ?"

"ಆಯ್ತು ಅತ್ತೆ."

"ಸುಳ್ಳು. ಮೊಕ ನೋಡಿದ್ರೆ ಗೊತ್ತಾಗ್ತೈತೆ. ಇರು, ಇದು ಕುಡೀಲಿ, ಆಮೇಲೆ ಮುದ್ದೆ ತಿರುವ್ತೀನಿ." ಕರು ತಲೆಯಿಂದ ಕೆಚ್ಚಲನ್ನು ಗುದ್ದಿ ಗುದ್ದಿ ಕುಡಿಯುತ್ತಿತ್ತು. ನಾರಾಯಣಮ್ಮ ಅದರ ಬೆನ್ನ ಮೇಲೆ ಕೈಯಿಟ್ಟರು. "ಇದ್ನ ನೋಡಿದ್ರೆ ಒಟ್ಟೆ ಉರೀತೈತೆ ಕಣಮ್ಮಾ. ಅವತ್ತು ಬೆಳಿಗ್ಗೆ ಅವ್ರಿಗೆ ನೋವು ಬಂತಲ್ಲ, ಆ ಗಾಬ್ರೀಲಿ ನಾನು ಆಲೂ ಕರೀನಿಲ್ಲ, ಕರಾನೂ ಬುಡ್ನಿಲ್ಲ. ಕಟ್ಟಿದ್ದಂಗೇ ಐತೆ. ಅರಚ್ಕಂತೈತೆ, ಅರಚ್ಕಂತೈತೆ. ಇವ್ರನ್ನ ಸ್ಟ್ರೆಚರ್ ಮ್ಯಾಲೆ ಮನಗ್ಸಿ ಎತ್ತಾಕೆ ಓಗ್ತಾವ್ರೆ, ಕಣ್ ಬುಟ್ರು. 'ಅದ್ನ ಬುಟ್ಬುಡು, ಪಾಪ' ಅಂದ್ರು ನೋಡು. ಜೀವ ಓಗ್ತಿರೋ ಹೊತ್ನಾಗೂ ಕರದ ಅಸಿವು ಅವ್ರಿಗೆ. ನಾನು ಓಡೋಗಿ ಅಗ್ಗ ಬಿಚ್ಚಿದೆ. ಆಮೇಲೆ ಮಾತೇ ಇಲ್ಲ."

ಮೇನಕಾಳಿಗೆ ಸೆಗಣಿಯ, ಹಾಲಿನ ವಾಸನೆ ಒಮ್ಮೆಗೇ ಹೆಚ್ಚಾದಂತಾಯಿತು.

"ಅತ್ತೆ, ಆವಾಗ ಫೋನು?"

"ಫೋನಾ?" ನಾರಾಯಣಮ್ಮ ನೆನಪಿಸಿಕೊಂಡರು. "ಬಂತು ಕಣಮ್ಮಾ. ಯಾರ್ದೋ ಗೊತ್ತಾಗ್ನಿಲ್ಲ, ಒತ್ತಿ ಅವ್ರ ಕಿವಿ ಅತ್ರ ಇಕ್ಕಿದೆ. ನೀನಾ ಮಾಡಿದ್ದು? ಅಯ್ಯೋ, ಅವ್ರಿಗೆ ಎಲ್ಲಿ ಕೇಳುಸ್ತು! ಈ ಕಡೆ ಇಕ್ಕಿದ್ದೆ. ಎಡಗಿವಿ ಕೇಳ್ತಿರ್ನಿಲ್ವಲ್ಲ ಅವ್ರಿಗೆ, ನಿಂಗ್ ಗೊತ್ತಿಲ್ವಾ?"

ಗೊತ್ತಿತ್ತು. ಕೋಣೆಯಲ್ಲಿ ಅವರ ಎಡಕ್ಕೆ ಯಾರೂ ಕೂರುತ್ತಿರಲಿಲ್ಲ.

ಪಾಪ ಎಂದರೆ ಅವಳಲ್ಲ. ಪಾಪ ಎಂದರೆ ಕಟ್ಟಿಹಾಕಿದ ಕರುವನ್ನು ಕಂಡು ಯಾರ ಬಾಯಲ್ಲಾದರೂ ಬರುವ ಆ ಇನ್ನೊಂದು ಪಾಪ. ಅವಳು ಅಂದು ಆಡಿದ ಮಾತು ಒಂದು ಕೇಳದ ಕಿವಿಯ ಹತ್ತಿರ ಬಿದ್ದುಹೋಗಿತ್ತು. ಪಟದ ಮುಂದೆ ಅವಳು ನಿಂತಳು, ಆದರೆ ಏನೂ ಕೇಳಿಕೊಳ್ಳಲಿಲ್ಲ. ಅತ್ತೆ ಬಡಿಸಿದ ಮುದ್ದೆಯನ್ನು ಮುರಿದು ಮುರಿದು ನುಂಗಿದಳು. ಅಜ್ಜಿಯ ಕತೆಯಲ್ಲಿ ರಾಜನ ಕೊನೆಯ ಮಾತು ಮಕ್ಕಳಿಗಲ್ಲದೆ ಕುದುರೆಗೆ ಹೇಳಿದ್ದು ಎಂದಾಗಿದ್ದರೆ, ಕಿರಿಯವನು ಯಾವ ದಿಕ್ಕಿಗೆ ಹೋಗುತ್ತಿದ್ದ? ಅದನ್ನು ಅಜ್ಜಿ ಹೇಳಿರಲಿಲ್ಲ. ಕೇಳಲು ಅಜ್ಜಿಯೂ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಪಾಪಾತಿಯ ಫೋನ್ ಬಂತು.

"ಶುಕ್ರವಾರ ಸೈ ತಾನೆ? ಮ್ಯಾನೇಜರ್‌ಗೆ ಏಳ್ಬುಟ್ಟೆ ಕಣೆ. ಸ್ಟೂಲಿನೋಳ್ಗೂ ಏಳ್ದೆ, 'ವೇರೆ ಇಡಂ ಪಾರು ಮ್ಮಾ, ಬ್ಯಾರೆ ಜಾಗ ನೋಡ್ಕ' ಅಂತ. ಪಾಪ, ಒಳ್ಳೇ ಉಡ್ಗೀನೇ, ನಕ್ಬುಟ್ಳು."

"ಊಂ ಅಕ್ಕಾ."

"ಒಂದ್ ಮಾತು ಮೇನಕಾ." ಪಾಪಾತಿಯ ದನಿ ತಗ್ಗಿತು. "ಮಾಮ ಓಗ್ವಾಗ್ಲೂ ನನ್ನ ನೆನೆಸ್ಕಂಡ್ರಲ್ಲ. ಅವ್ರ ಕಟ್ಟುಪಾಡು ಮುರ್ದು ಬುಡು ಅಂದ್ರಲ್ಲ, ನಂಗೋಸ್ಕರ. ರಾತ್ರಿ ಅದ್ನೇ ನೆನೆಸ್ಕಂಡು ಅತ್ತೆ."

ಮೇನಕಾ ಕಿಟಕಿಯ ಸರಳಿಗೆ ಹಣೆ ಒತ್ತಿದಳು. ಸಿಗ್ನಲ್ ಇಲ್ಲ ಅಕ್ಕಾ ಎಂದು ಇಟ್ಟುಬಿಟ್ಟಳು. ಸಿಗ್ನಲ್ ಚೆನ್ನಾಗಿಯೇ ಇತ್ತು. ಪಾಲಕ್ಕೋಡಿನಿಂದ ಧರ್ಮಪುರಿಯ ತನಕ ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ: ಕರುವಿನ ವಿಷಯ ಗೊತ್ತಿರುವುದು ತನಗೆ ಮತ್ತು ಅತ್ತೆಗೆ. ಅತ್ತೆಗೆ ಚುಕ್ಕಿಯ ಜಗಳ ಗೊತ್ತಿಲ್ಲ. ಸುಮ್ಮನಿದ್ದರೆ ಶುಕ್ರವಾರ ಬರುತ್ತದೆ, ಪಾಪಾತಿಯ ಕುರ್ಚಿ ಉಳಿಯುತ್ತದೆ. ಹೇಳಿದರೆ ಅಣ್ಣಾಮಲೈ ಎದ್ದು ನಿಲ್ಲುತ್ತಾನೆ. ಅವನು ಮಣಿದದ್ದು ಸತ್ತವರಿಗೆ, ಅವಳಿಗಲ್ಲ.

*

ಗುರುವಾರ ಅವಳು ಹೇಳಿದಳು. ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲೇ, ಕೂರದೆ. ತಡಮಾಡಿದರೆ ಹೇಳುವುದಿಲ್ಲ ಎಂದು ಅವಳಿಗೆ ತನ್ನ ಬಗ್ಗೆ ಗೊತ್ತಿತ್ತು.

ಅಣ್ಣಾಮಲೈ ಬಾಯಿ ತೆರೆದು ನೋಡಿದ. "ಕರಕ್ಕಾ?"

"ಕರಕ್ಕೆ."

ಅವನು ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. "ಮಾಮ್ನೇ! ಮಾಮ್ನೇ ಇದು! ನಾವಿಲ್ಲಿ ಬುಡು ಅಂದ್ರೆ ಏನು ಅಂತ ಬಡ್ದಾಡ್ತಾ ಇದ್ರೆ, ಅವ್ರು ಅಲ್ಲಿ..." ನಗುತ್ತ ನಗುತ್ತಲೇ ತಿಥಿಯ ದಿನವೂ ಬಾರದಿದ್ದ ಅಳು ಅವನಿಗೆ ಬಂತು. ಖಾಲಿ ಕುರ್ಚಿಯ ಬೆನ್ನು ಹಿಡಿದು ತಲೆ ತಗ್ಗಿಸಿ ಅತ್ತ. ಕೆಳಗೆ ಅಂಗಡಿಯಲ್ಲಿ ಪಾತ್ರೆಗಳ ಸದ್ದು ನಿಂತು, ಮತ್ತೆ ಶುರುವಾಯಿತು.

"ಅಕ್ಕಾ, ನೀನ್ ಏಳ್ದೆ ಇದ್ರೆ ಯಾರ್ಗ್ ಗೊತ್ತಾಗ್ತಿತ್ತು?" ಎಂದ ಶಿವಾ ಮೆಲ್ಲಗೆ.

"ಕರಕ್ಕೆ ಗೊತ್ತಲ್ಲಾ," ಎಂದ ಅಣ್ಣಾಮಲೈ, ಕಣ್ಣೊರೆಸಿಕೊಂಡು. ಆಮೇಲೆ ಮೇನಕಾಳ ಕಡೆ ತಿರುಗಿದ. "ಸರಿ. ನಿಲ್ಲುಸು. ಮೇಜು ಬರ್ಲಿ."

ಅವಳು ಹೋಗಿ ತನ್ನ ಯಂತ್ರದ ಗುಂಡಿ ಒತ್ತಿದಳು.

"ಮಾಮ ಬದುಕಿದ್ದು, ಆ ಫೋನು ಬಲಗಿವೀಲಿ ಕೇಳಿದ್ರೆ ಏನಂತಿದ್ರು? ನಿಜ ಏಳು."

ಅವಳಿಗೆ ಗೊತ್ತಿತ್ತು. ಒಂದು ವರ್ಷವೂ ಅವರು ಕಟ್ಟುಪಾಡು ಮುರಿದಿರಲಿಲ್ಲ. ಒಬ್ಬರಿಗೋಸ್ಕರ ಮುರಿದರೆ ನಾಳೆ ಇನ್ನೊಬ್ಬರು ಬಾಗಿಲಲ್ಲಿ ನಿಲ್ಲುತ್ತಾರೆ, ಅಲ್ಲಿಗೆ ಚುಕ್ಕಿ ಮುಗಿಯಿತು ಎನ್ನುತ್ತಿದ್ದರು.

"ಕಾಯಾನ ಅಂತಿದ್ರು," ಎಂದಳು.

"ಮತ್ತೆ?"

"ಆದ್ರೂ ಬುಡ್ತೀನಿ."

ಅಣ್ಣಾಮಲೈಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು.

"ನನ್ ಲೈಬ್ರರಿಗೋಳ್ ಕತೆ?"

"ಒಂದ್ ವರ್ಷ ಹಳೇದ್ರಾಗೇ ಇರ್ಬೇಕು ಅಣ್ಣಾ."

"ಪಾಪಾತಿ ಒಬ್ಳು. ಅಲ್ಲಿ ಎಷ್ಟ್ ಜನ ಮಕ್ಳು, ಯೋಚ್ನೆ ಮಾಡಿದ್ಯಾ?"

"ಮಾಡ್ದೆ. ಅವ್ರಿಗೆ ನಿಧಾನ ಆಗ್ತೈತೆ. ಇವ್ಳಿಗೆ ನಿಂತೋಗ್ತೈತೆ."

ಅವನು ಹೆಗಲ ಮೇಲಿದ್ದ ಚೀಲವನ್ನು ತೆಗೆದು ಅವಳ ಮುಂದಿನ ಮೇಜಿನ ಮೇಲಿಟ್ಟ. "ಕೀಲಿ ನಿನ್ನತ್ರ ಐತೆ, ಬುಡು. ಆದ್ರೆ ಆ ಬೆಟ್ಟದೋರ್ಗೆ ನಾನ್ ಏಳಾಕಿಲ್ಲ. ಅವ್ರ ಮೊಕ ನೋಡಾಕ್ ಆಗಾಕಿಲ್ಲ ನಂಗೆ. ನೀನೇ ಓಗಿ ಒಂದೊಂದ್ ಊರ್ಗೂ ಏಳು. ಮಾಮ ಅಂದ್ರು ಅಂತ ಮಾತ್ರ ಏಳ್ಬ್ಯಾಡ." ಮೆಟ್ಟಿಲಿಳಿದು ಹೋದ. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಮೇನಕಾ ಮೊದಲ ಪರದೆಯ ಆ ಸಾಲನ್ನು ಅಳಿಸಿದಳು. ಬದಲಿಗೆ ಏನು ಬರೆಯಬೇಕೆಂದು ತೋಚದೆ, ಸಾಲಿನ ಜಾಗವನ್ನು ಖಾಲಿ ಬಿಟ್ಟಳು. ಸಂಜೆ ಪಾಪಾತಿಗೆ ಫೋನ್ ಮಾಡಿ, ಹಿಂದಿನ ದಿನ ಬಸ್ಸಿನಲ್ಲಿ ಹೇಳಲಾಗದ್ದನ್ನು ಹೇಳಿದಳು. ಮಾಮ ನಿನ್ನನ್ನು ನೆನೆದದ್ದಲ್ಲ ಅಕ್ಕಾ, ಅದು ಕರುವಿಗೋಸ್ಕರ ಹೇಳಿದ ಮಾತು.

"ಕರ ಬಿಚ್ಚಿದ್ರಾ?" ಎಂದು ಕೇಳಿದಳು ಪಾಪಾತಿ.

"ಬಿಚ್ಚಿದ್ರು. ಅತ್ತೆ ಓಡೋಗಿ ಬಿಚ್ಚಿದ್ರಂತೆ."

"ಅಷ್ಟ್ ಸಾಕು ಬುಡು."

ಶುಕ್ರವಾರ ಮೇನಕಾ ಕೀಲಿಯ ಗುಪ್ತಪದ ಒತ್ತಿ ಸಹಿ ಹಾಕಿದಳು. ಪ್ರತಿ ವರ್ಷ ಆ ಗಳಿಗೆಯಲ್ಲಿ ಮುನಿಕೃಷ್ಣಪ್ಪ ಎದ್ದುನಿಂತು ಪಂಚೆ ಸರಿಮಾಡಿಕೊಳ್ಳುತ್ತಿದ್ದರು. ಈ ಸಲ ಶಿವಾ ಒಬ್ಬ ಎದ್ದು ನಿಂತ, ಪ್ಯಾಂಟನ್ನು ಎಲ್ಲಿ ಸರಿಮಾಡಿಕೊಳ್ಳುವುದೆಂದು ತಿಳಿಯದೆ ಕೈಕಟ್ಟಿಕೊಂಡ. ಸೋಮವಾರ ಕಂಬೈನಲ್ಲೂರಿನ ಸಂಘದಲ್ಲಿ ಹೊಸ ದನಿ ಹೊಸ ಪುಟವನ್ನು ಓದಿತು. ಪಾಪಾತಿ ತಲೆ ಓರೆ ಮಾಡಿ ಕೇಳಿ, "ಈ ಯಮ್ಮನ್ಗೆ ನೆಗಡಿ," ಎಂದಳು, ಮತ್ತು ಬೆರಳು ಓಡಿಸತೊಡಗಿದಳು. ಮ್ಯಾನೇಜರ್ ಹಿಂದೆ ನಿಂತು ನೋಡಿ, ತಮ್ಮ ಕೋಣೆಗೆ ಹೋದರು.

*

ಸೆಪ್ಟೆಂಬರ್ ನಡುವಿಗೆ ಹೊಸ ಮೇಜು ಬಂತು. ಹಗುರವಾಗಿತ್ತು. ಅಣ್ಣಾಮಲೈ ಹೇಳಿದ್ದಕ್ಕಿಂತಲೂ ಹಗುರವಾಗಿತ್ತು. ಮೇನಕಾ ಅದನ್ನು ಕೋಣೆಯ ಹಳೆಯ ಯಂತ್ರವೊಂದಕ್ಕೆ ಹಾಕಿ, ಅದು ಕ್ಷಣದಲ್ಲಿ ಎದ್ದು ಕೂತದ್ದನ್ನು ನೋಡಿ, ಆರಿಸಿಬಿಟ್ಟಳು. ಮಾರನೆಯ ದಿನ ಪೆನ್ನಾಗರಂ ಬಸ್ ಹತ್ತಿದಳು.

ಬೆಟ್ಟದ ಮೊದಲ ಊರಿನ ಲೈಬ್ರರಿ ಒಂದೇ ಕೋಣೆಯದು. ಅದನ್ನು ನೋಡಿಕೊಳ್ಳುತ್ತಿದ್ದ ಗಂಗಲಕ್ಷ್ಮಮ್ಮ ಐವತ್ತರ ಹೆಂಗಸು. ಸೆರಗಿಗೆ ಬೀಗದ ಕೈ ಕಟ್ಟಿಕೊಂಡು, ರಾಗಿ ಹೊಲದಿಂದ ನೇರ ಬಂದು ಬಾಗಿಲು ತೆಗೆದರು.

"ಅಣ್ಣಾಮಲೈ ಬರ್ನಿಲ್ವಾ? ಈ ಸಾರಿ ಹಗೂರದ್ದು ತತ್ತೀನಿ ಅಂದಿದ್ದ."

"ಈ ಸಾರಿ ಇಲ್ಲಮ್ಮಾ. ಅದು ಬರೋಕೆ ಮುಂಚೇನೇ ನಾವು ಚುಕ್ಕಿ ಬುಟ್ಬುಟ್ವಿ. ಈಗ ಬುಟ್ಟಿದ್ದು ನಿಮ್ಮ ಮಿಷನ್‌ಗೆ ಭಾರ ಆಗ್ತೈತೆ. ಮುಂದಿನ ವರ್ಷ..."

"ಮುಂಚೇನೇ ಬುಟ್ರಾ? ಆ ದೊಡ್ಡೋರು ಅಂಗೆಲ್ಲ ಬುಡೋರಲ್ವಲ್ಲ."

"ಅವ್ರು ಓಗ್ಬುಟ್ರಮ್ಮಾ. ಓದ ತಿಂಗಳು."

ಗಂಗಲಕ್ಷ್ಮಮ್ಮ ಬಾಯಿಗೆ ಸೆರಗು ಹಿಡಿದರು. ಆಮೇಲೆ ಕೇಳಿದರು. "ಮತ್ತೆ ಯಾರು ಬುಡಿ ಅಂದೋರು?"

"ನಾನು."

ಆ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಬೈಯಲಿಲ್ಲ. ಯಾಕೆ ಎಂದು ಕೇಳಲೂ ಇಲ್ಲ. ಮೂಲೆಯ ಕಂಪ್ಯೂಟರಿನ ಮೇಲೆ ಹೊದಿಸಿದ್ದ ಬಟ್ಟೆ ತೆಗೆದು, ಗುಂಡಿ ಒತ್ತಿ, ಮುಂದಿದ್ದ ಬೆಂಚನ್ನು ಕಾಲಿನಿಂದ ಅವಳ ಕಡೆ ದೂಡಿದರು.

"ಕುಂತ್ಕ. ಸ್ಕೂಲ್ ಬುಟ್ಟು ಮಕ್ಳು ಬಂದು ಇದು ಎದ್ದೇಳೋಗಂಟ ಎಷ್ಟೊತ್ತು ಕುಂತಿರ್ತಾವೆ, ನೀನೂ ಅಷ್ಟೊತ್ತು ಕುಂತಿರು."

ಮೇನಕಾ ಕೂತಳು. ಬೆಂಚು ಗಿಡ್ಡವಾಗಿತ್ತು, ಮೊಣಕಾಲು ಎದೆಗೆ ಬರುತ್ತಿತ್ತು. ಕಪ್ಪು ಪರದೆಯ ನಡುವೆ ಒಂದು ಬಿಳಿ ಚುಕ್ಕೆ ಮೂಡಿ, ನಿಂತು, ಯೋಚಿಸಿ, ಮೆಲ್ಲಗೆ ತಿರುಗತೊಡಗಿತು. ಗಂಗಲಕ್ಷ್ಮಮ್ಮ ಹೊಲಕ್ಕೆ ಹೊರಟುಹೋದರು. ಯಂತ್ರದೊಳಗೆ ಏನೋ ಕಿರುಗುಟ್ಟುತ್ತಿತ್ತು. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಆ ಚುಕ್ಕೆ ತಿರುಗುವುದನ್ನು ಕಣ್ಣು ತೆಗೆಯದೆ ನೋಡುತ್ತಿದ್ದಳು.